ಹುಣ್ಣಿಮೆ ಕಳೆದ ನಾಲ್ಕನೆಯ ದಿನ

ಲಾ ಡೋಂಗ್ ಹಳ್ಳಿ, ಥಾಯ್ ಬಿನ್
18 ಜೂನ್ 1945

ತಮ್ಮ ಖಾಯ್‌ಗೆ,

ನಿನ್ನ ಅಕ್ಕ ಥೋವಾ ಹೇಳುತ್ತಿದ್ದಾಳೆ, ಕ್ವೀ ಮೇಷ್ಟ್ರು ಬರೆಯುತ್ತಿದ್ದಾರೆ. ರೈಲು ಹಳಿಗಳೆಲ್ಲ ಬಾಂಬಿಗೆ ಹಾರಿಹೋಗಿವೆ, ಅಂಚೆಯಿಲ್ಲ. ಮೀನುರಸ ಮಾರುವ ದೋಣಿಯವರು ದಕ್ಷಿಣಕ್ಕೆ ಹೊರಟಿದ್ದಾರೆ. ಸೈಗಾನಿನ ಬಂದರು ಕಚೇರಿಯಲ್ಲಿ ನಿನ್ನ ಹೆಸರು ವಿಚಾರಿಸಿ ಇದನ್ನು ಕೊಡುತ್ತೇವೆಂದು ಒಪ್ಪಿಕೊಂಡಿದ್ದಾರೆ.

ಅಪ್ಪ ಹೋದರು. ಮಾರ್ಚ್ ಕೊನೆಯಲ್ಲಿ. ರೋಗವೇನೂ ಇರಲಿಲ್ಲ, ಹಸಿವು. ಬಾಳೆಗಡ್ಡೆ ಮುಗಿದ ಮೇಲೆ ತೌಡು ತಿಂದೆವು, ತೌಡು ಮುಗಿದ ಮೇಲೆ ಕೆರೆಯ ಪಾಚಿ. ಅಪ್ಪ ತಮ್ಮ ಪಾಲನ್ನು ಹಿಂದಕ್ಕೆ ತಳ್ಳುತ್ತಿದ್ದರು. “ನಂಗೆ ಅರಗಲ್ಲ, ನೀವು ತಿನ್ನಿ” ಎನ್ನುತ್ತಿದ್ದರು. ಚಾಪೆಯಲ್ಲಿ ಸುತ್ತಿ ಮಣ್ಣು ಮಾಡಿದೆವು. ಹೆಣ ಹೊರಲು ನಾಲ್ಕು ಜನ ಸಿಕ್ಕಿದ್ದೇ ಪುಣ್ಯ, ನಮ್ಮ ಓಣಿಯಲ್ಲಿ ನಿಲ್ಲುವ ಶಕ್ತಿ ಇದ್ದವರು ಅಷ್ಟೇ.

ನೀನು ಕೇಳಬಹುದು, ಗದ್ದೆ ಇತ್ತಲ್ಲ ಅಂತ. ಭತ್ತ ಕಿತ್ತು ಸೆಣಬು ಹಾಕಿ ಎಂದರು ಜಪಾನಿಯರು. ಉಳಿದ ಗದ್ದೆಯ ಭತ್ತವನ್ನು ಫ್ರೆಂಚ್ ಸರ್ಕಾರ ಅಳೆದುಕೊಂಡು ಹೋಯಿತು. ನಿಮ್ಮ ಕಡೆಯಿಂದ ಅಕ್ಕಿ ತರುವ ರೈಲನ್ನು ಅಮೆರಿಕದ ವಿಮಾನಗಳು ಹೊಡೆದು ಕೆಡವಿದವು. ಅವ್ವ ಒಂದು ದಿನ ಅಂಗಳದಲ್ಲಿ ಕೂತು ಕೇಳಿದಳು, “ಆ ಮೂರೂ ಜನಕ್ಕೆ ನಾವೇನು ಮಾಡಿದ್ವೇ ಥೋವಾ? ಅವರ ಮುಖಾನೂ ಸರಿಯಾಗಿ ನೋಡಿಲ್ವಲ್ಲೇ.”

ಅವ್ವ ಇದ್ದಾಳೆ. ನಾನು ಇದ್ದೇನೆ.

(ಖಾಯ್, ಇಲ್ಲಿ ಥೋವಾ ಎದ್ದು ಬಾಗಿಲವರೆಗೆ ಹೋಗಿ ಬಂದಳು. “ಸಾಕು ಮೇಷ್ಟ್ರೇ, ಸಹಿ ಹಾಕಿಬಿಡಿ” ಎಂದಳು. ನೀನು ನನ್ನ ಶಾಲೆಯ ಜಾಣ ಹುಡುಗ, ನಾಲ್ಕು ಭಾಷೆ ಕಲಿತವನು. ಊರಿಗೆ ಬಾ. — ಕ್ವೀ)

ನಿನ್ನ ಅಕ್ಕ,
ಥೋವಾ

*

ಸೈಗಾನ್
8 ಸೆಪ್ಟೆಂಬರ್ 1945

ಥೋವಕ್ಕಾ,

ಪತ್ರ ಕೈಸೇರಿ ಹತ್ತು ದಿನವಾಯಿತು. ದಿನಾ ಬರೆಯಲು ಕೂರುತ್ತೇನೆ, ಆಗುವುದಿಲ್ಲ.

ಅಪ್ಪ ಹಸಿದು ಸತ್ತ ತಿಂಗಳು ನಾನು ಇಲ್ಲಿ ಮೂರು ಹೊತ್ತು ಉಂಡಿದ್ದೇನೆ. ಇನ್ನೂ ಒಂದು ಮಾತು ಹೇಳಬೇಕು. ಇಲ್ಲಿ ಕಲ್ಲಿದ್ದಲು ಸಿಗದೆ, ವಿದ್ಯುತ್ ಮಾಡಲು ಒಲೆಗೆ ಅಕ್ಕಿ ಹಾಕಿ ಸುಟ್ಟರು ಅಕ್ಕ. ಬಂದರಿನ ಉಗ್ರಾಣದಿಂದ ಮೂಟೆ ಮೂಟೆ ಹೋಗುವುದನ್ನು ನಾನೇ ನಿಂತು ನೋಡಿದ್ದೇನೆ. ಬೀದಿಗೆಲ್ಲ ಸುಟ್ಟ ಅನ್ನದ ವಾಸನೆ. ಆಗ ನನಗೆ ಊರಿನ ಸುದ್ದಿ ಗೊತ್ತಿರಲಿಲ್ಲ ಎಂದು ಹೇಳಿಕೊಂಡು ಸಮಾಧಾನ ಪಡಲು ನೋಡುತ್ತೇನೆ.

ಆದರೆ ಈಗ ಎಲ್ಲ ಬದಲಾಯಿತು. ಜಪಾನ್ ಸೋತಿತು, ಫ್ರೆಂಚರು ಮೊದಲೇ ಸೆರೆಯಲ್ಲಿದ್ದಾರೆ, ಹನೋಯ್‌ನಲ್ಲಿ ಸ್ವಾತಂತ್ರ್ಯ ಸಾರಿದ್ದಾರೆ. ನಾವೂ ಇಲ್ಲಿ ಲಕ್ಷಗಟ್ಟಲೆ ಜನ ಬೀದಿಗಿಳಿದೆವು. ನಡುವೆ ಯಾರೋ ಗುಂಡು ಹಾರಿಸಿದರು, ಓಡಾಟವಾಯಿತು, ಹೆಣ ಬಿತ್ತು. ಆದರೂ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ಈಗ ಬ್ರಿಟಿಷರು ಬರುತ್ತಿದ್ದಾರೆ. ಗಾಬರಿಯಾಗಬೇಡ. ಗೆದ್ದ ದೊಡ್ಡ ದೇಶದವರು ಎಲ್ಲೋ ಕೂತು ನಮ್ಮ ನೆಲದ ಮಧ್ಯೆ ಒಂದು ಗೆರೆ ಎಳೆದಿದ್ದಾರೆ. ಜಪಾನಿಯರ ಆಯುಧ ಇಳಿಸಿಕೊಳ್ಳಲು ಗೆರೆಯ ಮೇಲೆ ಚೀನೀಯರು, ಕೆಳಗೆ ಬ್ರಿಟಿಷರು. ಎರಡು ತಿಂಗಳ ಕೆಲಸ, ಆಮೇಲೆ ಅವರವರ ದಾರಿ. ಬಂದರಿನಿಂದ ಊರೊಳಗೆ ಬರುವ ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಸ್ವಾಗತದ ಬಟ್ಟೆ ಕಟ್ಟಿದ್ದೇವೆ. ಅದರಲ್ಲಿ ಹನ್ನೊಂದು ನನ್ನ ಕೈಬರಹದ್ದು. ಅಂಗಿಗೆ ಹತ್ತಿದ ಕೆಂಪು ಬಣ್ಣ ಇನ್ನೂ ಹೋಗಿಲ್ಲ.

ಹೊಸ ವರ್ಷಕ್ಕೆ, ಟೆಟ್ ಹಬ್ಬಕ್ಕೆ ಬಂದೇ ಬರುತ್ತೇನೆ. ಅವ್ವನಿಗೆ ಹೇಳು. ಪುಟ್ಟಿ ಬಗ್ಗೆ ನೀನು ಒಂದಕ್ಷರವೂ ಬರೆದಿಲ್ಲ. ಭಾವ ತೀರಿಕೊಂಡ ಮೇಲೆ ಅವಳನ್ನು ಎತ್ತಿಕೊಂಡು ನೀನು ತವರಿಗೆ ಬಂದ ದಿನ ಅವಳಿಗೆ ಹಲ್ಲೂ ಬಂದಿರಲಿಲ್ಲ. ಈಗ ಓಡಾಡುತ್ತಿರಬೇಕು. ಅವಳಿಗೆ ಇಲ್ಲಿಂದ ಏನು ತರಲಿ?

ನಿನ್ನ ತಮ್ಮ,
ಖಾಯ್

*

ಲಾ ಡೋಂಗ್
28 ಅಕ್ಟೋಬರ್ 1945

ತಮ್ಮಾ,

ಬರೆಯುತ್ತಿರುವುದು ಮೇಷ್ಟ್ರೇ. ಆದರೆ ಇನ್ನು ಹೆಚ್ಚು ದಿನ ಅವರ ಕಾಲು ಹಿಡಿಯಬೇಕಿಲ್ಲ, ನಾನೇ ಕಲಿಯುತ್ತಿದ್ದೇನೆ. ಸಂತೆಯ ಬಾಯಲ್ಲಿ ಎರಡು ಬಾಗಿಲು ಮಾಡಿದ್ದಾರೆ. ಹಲಗೆಯ ಮೇಲಿನ ಅಕ್ಷರ ಓದಿದವರು ದೊಡ್ಡ ಬಾಗಿಲಿಂದ ಹೋಗಬಹುದು, ಓದಲಾರದವರು ಬಗ್ಗಿಕೊಂಡು ಪಕ್ಕದ ಕುರುಡರ ಬಾಗಿಲಿಂದ ನುಗ್ಗಬೇಕು. ಅವ್ವನನ್ನು ನಿಲ್ಲಿಸಿದ ಹುಡುಗಿಗೆ ಅವ್ವ ಹೇಳಿದ್ದು ಕೇಳು. “ನಿನ್ನ ಹೊಕ್ಕುಳಬಳ್ಳಿ ಕತ್ತರಿಸಿದ್ದು ನಾನು ಕಣೇ. ಈಗ ನನ್ನೇ ನಿಲ್ಲಿಸಿ ಅಕ್ಷರ ದುಂಡಗಿದ್ಯೋ ಚಪ್ಪಟೆ ಇದ್ಯೋ ಅಂತ ಕೇಳ್ತೀಯಾ?” ಹುಡುಗಿ ನಾಚಿ ದಾರಿ ಬಿಟ್ಟಳು. ಅವ್ವ ಹಟಕ್ಕೆ ಬಿದ್ದು ಕುರುಡರ ಬಾಗಿಲಿಂದಲೇ ಹೋದಳು. ಇಡೀ ವರ್ಷದಲ್ಲಿ ನಾನು ನಕ್ಕಿದ್ದು ಅವತ್ತೊಂದೇ ದಿನ.

ನಿನ್ನ ಜೊತೆ ಸೀಬೆಕಾಯಿ ಕದಿಯುತ್ತಿದ್ದ ವೀನ್ ಈಗ ಊರ ಸಮಿತಿಯ ಮುಖ್ಯಸ್ಥ. ಸೊಂಟಕ್ಕೆ ಪಿಸ್ತೂಲು ಕಟ್ಟಿಕೊಂಡು ಓಡಾಡುತ್ತಾನೆ, ಗುಂಡು ಇದೆಯೋ ಇಲ್ಲವೋ ಗೊತ್ತಿಲ್ಲ. ಒಳ್ಳೆಯವನೇ. ಕದ್ದಿಟ್ಟ ಭತ್ತ ಹೊರಗೆ ತೆಗೆಸಿ ಊರಿಗೆಲ್ಲ ಹಂಚಿದವನು ಅವನೇ.

ಗೆರೆಯ ಮೇಲಿನ ಚೀನೀಯರು ಬಂದರು. ಸೈನ್ಯ ಅಂದರೆ ಹೀಗಿರುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ. ಬಾವು ಬಂದ ಕಾಲು, ಬೆನ್ನ ಮೇಲೆ ಪಾತ್ರೆ, ಹಿಂದೆ ಹೆಂಡಿರು. ನಮಗಿಂತ ಹಸಿದವರು. ನಮ್ಮ ಒಂದೇ ಒಂದು ಹಂದಿಮರಿಯನ್ನು ಹಿಡಿದು ಯಾವುದೋ ಕಾಗದ ಕೊಟ್ಟು ದುಡ್ಡು ಎಂದರು. ಅವ್ವ ಅದನ್ನು ಒಲೆಗೆ ಹಾಕಿದಳು. ಆಯುಧ ಇಳಿಸಿಕೊಳ್ಳಲು ಬಂದವರಿಗೆ ಹಂದಿಮರಿ ಯಾಕೆ ಬೇಕು? ನಿಮ್ಮ ಬ್ರಿಟಿಷರು ಹೇಗಿದ್ದಾರೆ?

ಅಪ್ಪನ ವರ್ಷದ ತಿಥಿಗೆ ಮಗನ ಕೈಯಿಂದ ಊದುಬತ್ತಿ ಹಚ್ಚಿಸಬೇಕು ಎಂದು ಅವ್ವ ಕಾಯುತ್ತಿದ್ದಾಳೆ. ಸಂತೆಗೆ ಹೋದಾಗಲೆಲ್ಲ ದಕ್ಷಿಣದಿಂದ ಬಂದವರನ್ನು ಹಿಡಿದು ಕೇಳುತ್ತಾಳೆ, “ನನ್ನ ಮಗನ್ನ ಕಂಡ್ರಾ? ಉದ್ದಕ್ಕಿದಾನೆ, ಬಲಗಿವಿ ಹತ್ರ ಗಾಯದ ಕಲೆ.” ಬೇಗ ಬಾ.

(ಪುಟ್ಟಿಯ ವಿಷಯ ಇನ್ನು ಕೇಳಬೇಡ ಖಾಯ್. ಅಪ್ಪ ಹೋದ ಒಂಬತ್ತನೇ ದಿನ. ಇದನ್ನು ನಾನು ಬರೆದಿದ್ದೇನೆಂದು ಥೋವಾಳಿಗೆ ಗೊತ್ತಿಲ್ಲ. — ಕ್ವೀ)

ನಿನ್ನ ಅಕ್ಕ,
ಥೋವಾ

*

ಸೈಗಾನ್
26 ನವೆಂಬರ್ 1945

ಅಕ್ಕಾ,

ಇದನ್ನು ಮೇಷ್ಟ್ರು ಓದಿ ಹೇಳುತ್ತಾರೋ, ನೀನೇ ಓದುತ್ತೀಯೋ ತಿಳಿಯದು. ನೀನೇ ಓದುವಂತಾಗಲಿ.

ಬ್ರಿಟಿಷರು ಹೇಗಿದ್ದಾರೆ ಎಂದು ಕೇಳಿದೆಯಲ್ಲ. ನನ್ನ ಹನ್ನೊಂದು ಸ್ವಾಗತದ ಬಟ್ಟೆಗಳ ಕೆಳಗೇ ನಡೆದು ಬಂದರು. ಬಂದವರಲ್ಲಿ ಬಿಳಿಯರು ಕಡಿಮೆ, ಇಂಡಿಯಾದ ಸಿಪಾಯಿಗಳೇ ಹೆಚ್ಚು. ಜಪಾನಿಯರ ಆಯುಧ ಇಳಿಸುವುದು ಬಿಟ್ಟು ಮೊದಲು ಸೆರೆಯಲ್ಲಿದ್ದ ಫ್ರೆಂಚರನ್ನು ಬಿಡಿಸಿದರು, ಅವರ ಕೈಗೆ ಬಂದೂಕು ಕೊಟ್ಟರು. ಒಂದು ಬೆಳಗಿನೊಳಗೆ ನಮ್ಮ ಕಚೇರಿಗಳ ಮೇಲೆ ಮತ್ತೆ ಫ್ರೆಂಚ್ ಬಾವುಟ. ನಮ್ಮವರು ಎದ್ದು ನಿಂತಾಗ, ಶರಣಾಗಿದ್ದ ಜಪಾನಿಯರಿಗೇ ಕೋವಿ ಮರಳಿಸಿ ನಮ್ಮ ಮೇಲೆ ಬಿಟ್ಟರು. ಸೋತವರು, ಗೆದ್ದವರು, ಸೆರೆಯಲ್ಲಿದ್ದವರು ಎಲ್ಲ ಒಂದಾಗಿ ನಮ್ಮ ಓಣಿಗಳಿಗೆ ಗುರಿಯಿಟ್ಟರು.

ಇಷ್ಟನ್ನೂ ನಾನು ಹತ್ತಿರದಿಂದಲೇ ನೋಡಿದೆ, ಯಾಕೆಂದರೆ ನಾನು ಅವರ ಜೊತೆಯಲ್ಲಿದ್ದೆ.

ಬಂದರು ಮುಚ್ಚಿತ್ತು, ಊಟಕ್ಕಿರಲಿಲ್ಲ. ಇಂಗ್ಲಿಷ್ ಬಲ್ಲವರು ಬೇಕು ಎಂದು ಒಬ್ಬ ಅಧಿಕಾರಿ ಬಂದ. ಎರಡು ತಿಂಗಳ ಕೆಲಸವಲ್ಲವೇ, ನಡುವೆ ನಮ್ಮವನೊಬ್ಬ ಇದ್ದರೆ ಒಳ್ಳೆಯದೇ ಎಂದುಕೊಂಡೆ. ಮೊದಲ ದಿನವೇ ಲಾರಿಯ ಮೇಲೆ ನಿಲ್ಲಿಸಿ ಧ್ವನಿವರ್ಧಕ ಕೈಗಿಟ್ಟರು. ಗುಂಪು ಸೇರಬಾರದು, ಪತ್ರಿಕೆಗಳು ಬಂದ್, ಆಯುಧ ಸಿಕ್ಕರೆ ಗುಂಡು. ನಮ್ಮ ಭಾಷೆಯಲ್ಲಿ, ನನ್ನ ಬಾಯಲ್ಲಿ. ಒಂದು ಮನೆಯ ಜಗಲಿಯಿಂದ ಮುದುಕಿಯೊಬ್ಬಳು ಕೂಗಿದಳು, “ಎಲೋ ಉತ್ತರದವನೇ, ನಿಮ್ಮವ್ವ ನಿಂಗೆ ಮಾತು ಕಲಿಸಿದ್ದು ಇದಕ್ಕೇನೋ?” ಆಮೇಲೂ ಒಂದೂವರೆ ತಿಂಗಳು ಕೂಗಿದ್ದೇನೆ.

ಒಬ್ಬ ಇಂಡಿಯಾದ ಸಿಪಾಯಿ ಜೊತೆಗಿದ್ದ. ಅವನದೂ ಭತ್ತ ಬೆಳೆಯುವ ಊರಂತೆ. ಸಸಿ ಕೀಳುವ ತಿಂಗಳು ಯಾವುದು ಎಂದು ಕೇಳಿದ, ಹೇಳಿದೆ. ಹರಕು ಇಂಗ್ಲಿಷಿನಲ್ಲಿ ಮೆಲ್ಲಗೆ ಅಂದ, “ನಮ್ಮೂರಲ್ಲೂ ಇವರನ್ನ ಹೊರಗೆ ಹಾಕ್ಬೇಕು ಅಂತ ಗಲಾಟೆ ನಡೀತಿದೆ ಕಣಪ್ಪ. ನಮ್ಮಣ್ಣ ಜೈಲಲ್ಲಿದಾನೆ. ನಾನಿಲ್ಲಿ ನಿಮ್ಮನ್ನ ಕಾಯ್ತಿದೀನಿ.” ಮಾರನೆಯ ದಿನ ಅವನೇ ನಮ್ಮವರ ಮೇಲೆ ಗುಂಡು ಹಾರಿಸಿದ. ಆಜ್ಞೆ ಇತ್ತು. ಅವನನ್ನು ಬೈಯುವ ಬಾಯಿ ನನಗೆಲ್ಲಿದೆ?

ಬಿಟ್ಟುಬರುತ್ತೇನೆ ಅಕ್ಕ, ದಾರಿ ಕಾಣುತ್ತಿಲ್ಲ. ಅವ್ವನಿಗೆ ಇದನ್ನು ಓದಿ ಹೇಳಬೇಡ.

ಖಾಯ್

*

ಲಾ ಡೋಂಗ್
24 ಫೆಬ್ರವರಿ 1946

ಖಾಯ್,

ಇದು ನನ್ನ ಕೈ. ಸೊಟ್ಟ ಇದೆ. ಯಾರಿಗೂ ಹೇಳಿ ಬರೆಸುವಂಥದ್ದಲ್ಲ.

ನಿನ್ನ ಪತ್ರ ಜನವರಿಯಲ್ಲಿ ಬಂತು. ಮೇಷ್ಟ್ರು ಜ್ವರದಲ್ಲಿದ್ದರು. ನಾನೇ ಕೂಡಿಸಿ ಕೂಡಿಸಿ ಓದಿದೆ, ಎರಡು ದಿನ ಹಿಡಿಯಿತು. ಅವ್ವ ಎದುರಿಗೆ ಕೂತು, “ಏನಂತೆ? ಏನಂತೆ?” ಎನ್ನುತ್ತಿದ್ದಳು. ಕಾಗದ ಹಿಡಿದು ಬಾಯಿಗೆ ಬಂದದ್ದು ಓದಿದೆ. ಚೆನ್ನಾಗಿದ್ದಾನೆ, ಕೆಮ್ಮು ವಾಸಿ, ಬರುತ್ತಾನೆ ಅಂತ. ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. “ಕೆಮ್ಮು ಯಾವಾಗ ಬಂದಿತ್ತೇ ಅವನಿಗೆ?” ಅಂದಳು. ನಾನು ಪಾತ್ರೆ ತೊಳೆಯಲು ಎದ್ದುಹೋದೆ.

ಟೆಟ್ ಆದ ಮೇಲೆ, ದಕ್ಷಿಣದ ರಬ್ಬರ್ ತೋಟಕ್ಕೆ ಕೂಲಿಗೆ ಹೋಗಿದ್ದ ಸೂ ಊರಿಗೆ ಬಂದ. ಸಮುದಾಯ ಭವನದಲ್ಲಿ ಎಲ್ಲರೆದುರು ಹೇಳಿದ, ಸೈಗಾನಿನಲ್ಲಿ ಲಾರಿಯ ಮೇಲೆ ಬ್ರಿಟಿಷರಿಗಾಗಿ ಕೂಗುತ್ತಿದ್ದ ದನಿ ನಮ್ಮ ಸೀಮೆಯದು, ಮುಖ ಖಾಯ್‌ದು ಅಂತ. ಮಾರನೆಯ ದಿನ ವೀನ್ ಮನೆಗೆ ಬಂದ. ಕೂರಲಿಲ್ಲ. “ಥೋವಕ್ಕ, ನಿಜ ಹೇಳು. ದೇಶದ್ರೋಹಿ ಮನೇಗೆ ಏನು ಮಾಡ್ತೀವಿ ಅಂತ ಗೊತ್ತಲ್ಲ. ನನ್ನ ಕೈಯಿಂದ ಮಾಡಿಸ್ಬೇಡ” ಎಂದ. ಹಿಂದಿನ ತಿಂಗಳು ಪಕ್ಕದೂರಲ್ಲಿ ಒಬ್ಬನನ್ನು ಗೋಣಿಚೀಲದಲ್ಲಿ ಕಟ್ಟಿ ನದಿಗೆ ಬಿಟ್ಟಿದ್ದಾರೆ, ಅವನ ಅಣ್ಣನನ್ನೂ.

ನಾನು ಹೇಳಿಬಿಟ್ಟೆ. “ಸೂ ಕಂಡಿದ್ದು ಬೇರೆ ಯಾರನ್ನೋ. ನನ್ನ ತಮ್ಮ ಸತ್ತಿದಾನೆ.”

ಯಾವಾಗ ಎಂದು ಕೇಳಿದ. ಶರತ್ಕಾಲದ ಹುಣ್ಣಿಮೆ ಕಳೆದ ನಾಲ್ಕನೆಯ ದಿನ, ಫ್ರೆಂಚರು ಕಚೇರಿಗಳನ್ನು ಕಸಿದುಕೊಂಡ ಮರುದಿನ, ಬೀದಿಯಲ್ಲಿ ಹೋರಾಡುತ್ತಾ ಗುಂಡು ತಗುಲಿ ಎಂದೆ. ಅಂಥ ದಿನ ಎಷ್ಟೋ ಜನ ಸತ್ತಿರುತ್ತಾರೆ, ಇನ್ನೊಬ್ಬ ಇರಲಿ. ಅವ್ವ ತಡೆಯಲಾರಳು ಅಂತ ಮುಚ್ಚಿಟ್ಟೆ ಎಂದೆ. ವೀನ್ ಕುಸಿದು ಕೂತು ಮಗುವಿನ ಹಾಗೆ ಅತ್ತ. ಅವನಿಗೆ ನಂಬಬೇಕಿತ್ತು, ನಂಬಿದ.

ಅವ್ವ ಒಳಗಿನಿಂದ ಕೇಳಿಸಿಕೊಂಡಿದ್ದಳು. ಅವಳಿಗೆ ನಿಜ ಹೇಳಲಿಲ್ಲ ಖಾಯ್. ಅವಳ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ, ನಿನಗೆ ಗೊತ್ತು. ಅವಳ ಅಳುವೇ ನಮಗೆ ಸಾಕ್ಷಿಯಾಯಿತು. ಇದಕ್ಕಿಂತ ಕೆಟ್ಟ ಕೆಲಸ ಮಾಡಿದ ಮಗಳು ಈ ಊರಲ್ಲಿ ಇಲ್ಲ.

ನಿನ್ನನ್ನು ಬದುಕಿಸಲು ಮಾಡಿದೆ. ಮನೆಗೆ ಬರೆಯಬೇಡ. ಪೇಟೆಯಲ್ಲಿ ಬಟ್ಟೆಗೆ ನೀಲಿ ಬಣ್ಣ ಹಾಕುವ ಅಂಗಡಿಯ ಹೆಂಗಸಿನ ಹೆಸರಿಗೆ ಬರೆ. ಇದನ್ನು ಸುಟ್ಟುಬಿಡು.

ಥೋವಾ

*

ಸೈಗಾನ್
12 ಏಪ್ರಿಲ್ 1946

ಅಕ್ಕಾ,

ನನ್ನನ್ನು ಕೊಂದವಳು ನೀನೇ ಎಂದು ಬೈಯಲು ಮೂರು ಪತ್ರ ಬರೆದು ಹರಿದೆ. ಇದು ನಾಲ್ಕನೆಯದು.

ಹುತಾತ್ಮನಾಗಿದ್ದೇನಲ್ಲ, ನೋಡಲು ಹೇಗಿದ್ದೇನೆ ಕೇಳು. ಬ್ರಿಟಿಷರು ಹೊರಟುಹೋದರು. ಕುರ್ಚಿ ಮೇಜಿನ ಜೊತೆ ನಮ್ಮನ್ನೂ ಫ್ರೆಂಚರಿಗೆ ಒಪ್ಪಿಸಿ ಹೋದರು. ಈಗ ಅದೇ ಕಚೇರಿ, ಅದೇ ಕುರ್ಚಿ, ಬೇರೆ ಧಣಿ. ಬಿಟ್ಟು ಹೊರಟರೆ ಬೀದಿಯ ತುದಿಯಲ್ಲೇ ನಮ್ಮವರು ಕೊಲ್ಲುತ್ತಾರೆ. ಇದ್ದರೆ ಒಳಗೇ ಸಾಯುತ್ತೇನೆ. ನೀನು ಸುಳ್ಳೇನೂ ಹೇಳಲಿಲ್ಲ ಬಿಡು.

ಆದರೆ ಅಕ್ಕ, ಒಪ್ಪಂದವಾಗಿದೆಯಂತಲ್ಲ! ಹನೋಯ್‌ನ ನಮ್ಮ ಸರ್ಕಾರವೇ ಸಹಿ ಹಾಕಿದೆ. ಫ್ರೆಂಚ್ ಸೈನ್ಯ ಸ್ವಲ್ಪ ಉತ್ತರಕ್ಕೆ ಬರುತ್ತದೆ, ಚೀನೀಯರು ಹೊರಡುತ್ತಾರೆ. ಒಬ್ಬರನ್ನು ಕಳಿಸಲು ಇನ್ನೊಬ್ಬರನ್ನು ಕರೆದದ್ದು. ಸರ್ಕಾರವೇ ಫ್ರೆಂಚರ ಕೈ ಕುಲುಕಬಹುದಾದರೆ, ಅವರ ಕಾಗದ ತರ್ಜುಮೆ ಮಾಡಿದವನನ್ನು ಯಾಕೆ ಗೋಣಿಚೀಲಕ್ಕೆ ತುಂಬಬೇಕು? ವೀನ್‌ನನ್ನು ಕೇಳು. ಅಥವಾ ಬೇಡ, ಏನೂ ಕೇಳಬೇಡ.

ಅವ್ವನಿಗೆ ಒಬ್ಬಳಿಗೆ ಹೇಳು. ಕಾಲು ಹಿಡಿದು ಕೇಳುತ್ತೇನೆ. ಲೋಕಕ್ಕೆಲ್ಲ ನಾನು ಸತ್ತಿರಲಿ, ಅಡ್ಡಿಯಿಲ್ಲ. ಅವ್ವ ನನಗಾಗಿ ಅಳುತ್ತಿದ್ದಾಳೆ ಎಂದು ತಿಳಿದು ಇಲ್ಲಿ ಉಸಿರಾಡುವುದು ಆಗುತ್ತಿಲ್ಲ.

ಖಾಯ್

*

ಲಾ ಡೋಂಗ್
20 ಸೆಪ್ಟೆಂಬರ್ 1946

ತಮ್ಮಾ,

ಐದು ತಿಂಗಳು ಉತ್ತರ ಬರೆಯದಿದ್ದುದಕ್ಕೆ ಕಾರಣ ಹೇಳಲು ಬರುವುದಿಲ್ಲ. ಪ್ರತಿ ರಾತ್ರಿ ಹೇಳಬೇಕೆಂದು ಅವ್ವನ ಪಕ್ಕ ಮಲಗುತ್ತೇನೆ, ಬೆಳಗಾಗುತ್ತದೆ.

ಕಳೆದ ವಾರ ನಿನ್ನ ತಿಥಿ ಆಯಿತು.

ಸೆಣಬಿನ ಸೊಪ್ಪು ಹಾಕಿದ ಏಡಿ ಸಾರು ನಿನಗೆ ಇಷ್ಟ. ಆ ಕ್ಷಾಮದ ವರ್ಷದಿಂದ ಸೆಣಬು ಅನ್ನುವ ಹೆಸರನ್ನೂ ಅವ್ವ ಮನೆಯೊಳಗೆ ತರಲು ಬಿಟ್ಟಿರಲಿಲ್ಲ. ತಿಥಿಯ ದಿನ ಬೆಳಿಗ್ಗೆ ತಾನೇ ಗದ್ದೆಗೆ ಇಳಿದು ಏಡಿ ಹಿಡಿದಳು, ಮೊಣಕಾಲವರೆಗೂ ಕೆಸರು. ಸೊಪ್ಪು ಯಾರ ಹಿತ್ತಲಿಂದಲೋ ಕಿತ್ತು ತಂದಳು. “ನೀನು ಕುಟ್ಬೇಡ, ನೀನು ಕುಟ್ಟಿದ್ರೆ ಚೂರು ಉಳಿಯುತ್ತೆ, ಅವನಿಗೆ ಹಲ್ಲಿಗೆ ಸಿಕ್ರೆ ಆಗಲ್ಲ” ಎಂದು ನನ್ನ ಕೈಯಿಂದ ಒನಕೆ ಕಸಿದುಕೊಂಡಳು. ನಿನ್ನ ಶಾಲೆಯ ಫೋಟೋದ ಮುಂದೆ ಬಟ್ಟಲಿಟ್ಟು ಊಟದ ಕಡ್ಡಿಗಳನ್ನು ಸರಿಮಾಡಿದಳು. “ಉಣ್ಣೋ ಮಗಾ, ಆರಿಹೋಗುತ್ತೆ” ಎಂದಳು. ನಾನು ಅಲ್ಲೇ ನಿಂತಿದ್ದೆ. ನೀನು ಆ ಹೊತ್ತಿಗೆ ಸೈಗಾನಿನಲ್ಲಿ ಏನು ತಿನ್ನುತ್ತಿದ್ದೆ?

ಇಡೀ ಊರು ಬಂದಿತ್ತು. ವೀನ್ ಊದುಬತ್ತಿ ಹಿಡಿದು ಮೂರು ಸಲ ನೆಲಕ್ಕೆ ಬಾಗಿದ. ಊರಿನ ಹುತಾತ್ಮರಲ್ಲಿ ನೀನು ಮೊದಲನೆಯವನಂತೆ, ಸಮುದಾಯ ಭವನದ ಗೋಡೆಯ ಮೇಲೆ ಕೆಂಪಕ್ಷರದಲ್ಲಿ ನಿನ್ನ ಹೆಸರಿದೆ. ಅವ್ವ ಓದಲು ಕಲಿತಿರುವುದು ಅದೊಂದೇ ಪದ. ಸಂತೆಗೆ ಹೋಗುವಾಗ ಅಲ್ಲಿ ನಿಂತು ಬೆರಳಿನಿಂದ ಸವರಿ ಹೋಗುತ್ತಾಳೆ. ನಿನ್ನ ಹೆಸರು ಹೇಳಿಕೊಂಡು ನಾಲ್ಕು ಹುಡುಗರು ಸೈನ್ಯಕ್ಕೆ ಸೇರಿದ್ದಾರೆ.

ಅವಳಿಗೆ ಏನೆಂದು ಹೇಳಲಿ? ನಿನ್ನ ಮಗ ಬದುಕಿದ್ದಾನೆ, ಆದರೆ ನೀನು ಸವರುವ ಹೆಸರಿನವನಲ್ಲ ಎಂದೇ? ಮೊದಲು ಭಯಕ್ಕೆ ಬಾಯಿ ಮುಚ್ಚಿಕೊಂಡಿದ್ದೆ. ಈಗ ಅವಳಲ್ಲಿ ಉಳಿದಿರುವ ಒಂದು ಹಿಡಿ ಹೆಮ್ಮೆಯನ್ನೂ ಕಸಿದುಕೊಳ್ಳಲು ಕೈ ಬರುತ್ತಿಲ್ಲ.

ನಿನ್ನ ಅಕ್ಕ,
ಥೋವಾ

*

ಹೈಫಾಂಗ್
2 ಡಿಸೆಂಬರ್ 1946

ಥೋವಕ್ಕಾ,

ಊರಿನ ಹೆಸರು ನೋಡಿದೆಯಾ? ನಾನು ನಿಮ್ಮಿಂದ ಎರಡು ದಿನದ ನಡಿಗೆಯಷ್ಟು ದೂರದಲ್ಲಿದ್ದೇನೆ. ಇಲ್ಲಿನ ಬಂದರಿಗೆ ಭಾಷೆ ಬಲ್ಲವರು ಬೇಕೆಂದು ಅಕ್ಟೋಬರ್‌ನಲ್ಲಿ ಹಡಗು ಹತ್ತಿಸಿದರು. ಮನೆಗೆ ಹತ್ತಿರವಾಗುತ್ತದೆ ಎಂಬ ಒಂದೇ ಆಸೆಗೆ ಬಂದೆ.

ಸುದ್ದಿ ನಿಮಗೂ ತಲುಪಿರುತ್ತದೆ. ಬಂದರಿನ ಸುಂಕ ಯಾರು ವಸೂಲು ಮಾಡಬೇಕು ಎಂಬ ಜಗಳ. ಫ್ರೆಂಚರು ಕೊಟ್ಟ ಕೊನೆಯ ಗಡುವಿನ ಕಾಗದವನ್ನು ನಮ್ಮ ಭಾಷೆಗೆ ತಂದವರಲ್ಲಿ ನಾನೂ ಒಬ್ಬ. ಶಬ್ದ ಮೆತ್ತಗೆ ಮಾಡಲು ನೋಡಿದೆ, ಪಕ್ಕದಲ್ಲಿ ನಿಂತವನು ತಿದ್ದಿಸಿದ. ಆಮೇಲೆ ಯುದ್ಧದ ಹಡಗು ಊರಿನ ಮೇಲೆ ಗುಂಡು ಸುರಿಸಿತು. ನಮ್ಮವರ ಕೇರಿಗಳು, ಸಂತೆ, ಊರು ಬಿಟ್ಟು ಓಡುತ್ತಿದ್ದ ಜನ. ಫ್ರೆಂಚರು ಹತ್ತಿದ್ದ ಎಷ್ಟೋ ಗಾಡಿಗಳು ಅಮೆರಿಕದವು. ಅಮೆರಿಕ ನಮ್ಮ ಸ್ನೇಹಿತ, ಸ್ವಾತಂತ್ರ್ಯ ಅಂದರೆ ಅವರಿಗೆ ಗೊತ್ತು ಎಂದು ನಾವು ಹೋದ ವರ್ಷ ಹಾಡಿ ಕುಣಿದಿದ್ದೆವು. ಬೂದಿಯಲ್ಲಿ ಎಷ್ಟು ಜನ ಎಂದು ನನ್ನನ್ನು ಕೇಳಬೇಡ. ಒಬ್ಬ ಹೆಂಗಸು ಸತ್ತ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ನನ್ನ ಮುಂದೆಯೇ ಹಾದುಹೋದಳು. ಪುಟ್ಟಿಯ ಬಗ್ಗೆ ನಿನ್ನನ್ನು ಎರಡು ಮಾತು ಕೇಳಬೇಕಿತ್ತು ಅಕ್ಕ, ನನಗೆ ಎಂದೋ ಗೊತ್ತಿತ್ತು, ಧೈರ್ಯ ಬರಲಿಲ್ಲ.

ಅದೇ ದಿನ ಕಚೇರಿಯಿಂದ ನಡೆದು ಹೊರಗೆ ಬಂದೆ, ಹಿಂದಿರುಗಿ ಹೋಗಿಲ್ಲ. ಈಗ ಎರಡೂ ಕಡೆಯವರೂ ನನ್ನನ್ನು ಹುಡುಕುತ್ತಿದ್ದಾರೆ. ಊರ ಹೊರಗೆ, ದೋಣಿ ಮಾಡುವವನೊಬ್ಬನ ಮನೆಯಲ್ಲಿ ಮರ ಉಜ್ಜಿಕೊಂಡಿದ್ದೇನೆ. ವಿಳಾಸ ಈ ಕಾಗದದ ಹಿಂಬದಿಯಲ್ಲಿ ಬರೆದಿದ್ದೇನೆ.

ಟೆಟ್ ಹಬ್ಬಕ್ಕೆ ಬರುತ್ತೇನೆ. ವೀನ್ ಏನು ಬೇಕಾದರೂ ಮಾಡಲಿ, ಗೋಡೆಯ ಮೇಲಿನ ಹೆಸರು ಕೆರೆದು ಹಾಕಲಿ. ಅವ್ವನನ್ನು ಒಂದು ಸಲ ನೋಡಿ, ಅವಳ ಕೈಯಿಂದ ಒಂದು ಬಟ್ಟಲು ಉಂಡು, ನಾನೇ ಅವನ ಮುಂದೆ ಹೋಗಿ ನಿಲ್ಲುತ್ತೇನೆ. ಮೊದಲೇ ಅವ್ವನಿಗೆ ಹೇಳಿಡು. ಇದ್ದಕ್ಕಿದ್ದ ಹಾಗೆ ಬಾಗಿಲಲ್ಲಿ ಕಂಡರೆ ದೆವ್ವ ಎಂದು ಹೆದರಿಯಾಳು.

ನಿನ್ನ ತಮ್ಮ,
ಖಾಯ್

*

ಲಾ ಡೋಂಗ್
15 ಫೆಬ್ರವರಿ 1947

ಖಾಯ್,

ಟೆಟ್ ಬಂತು, ಹೋಯಿತು. ನೀನು ಬರಲಿಲ್ಲ. ಹನೋಯ್‌ನಲ್ಲಿ ಯುದ್ಧ ಶುರುವಾದ ಮೇಲೆ ರಸ್ತೆಗಳನ್ನೆಲ್ಲ ಅಗೆದು ಕೆಡವಿದ್ದಾರೆ, ಅದಕ್ಕೇ ತಡ ಎಂದು ದಿನಾ ಹೇಳಿಕೊಳ್ಳುತ್ತೇನೆ. ಈ ಪತ್ರ ದೋಣಿಯವನ ಮನೆ ಸೇರುವ ಹೊತ್ತಿಗೆ ಆ ಮನೆ ಇರುತ್ತದೋ ಇಲ್ಲವೋ.

ನಿನ್ನ ಪತ್ರ ಡಿಸೆಂಬರ್ ಕೊನೆಗೆ ಬಂತು. ಅವ್ವ ಆಗಲೇ ಹಾಸಿಗೆ ಹಿಡಿದಿದ್ದಳು, ಎದೆಯಲ್ಲಿ ಕಫ. ಇನ್ನು ಮುಚ್ಚಿಡುವುದು ಪಾಪ ಎಂದು ಬಾಗಿಲು ಹಾಕಿ ಅವಳ ಕಿವಿಯ ಹತ್ತಿರ ಕೂತೆ. “ಅವ್ವ, ಖಾಯ್ ಬದುಕಿದಾನೆ. ಹೈಫಾಂಗ್‌ನಲ್ಲಿದಾನೆ. ಹಬ್ಬಕ್ಕೆ ಬರ್ತಾನೆ” ಎಂದೆ. ಪತ್ರವನ್ನು ಮೊದಲಿಂದ ಕೊನೆಯವರೆಗೂ, ಒಂದಕ್ಷರ ಬಿಡದೆ, ಓದಿದೆ. ಅಳುತ್ತ ಓದಿದೆ.

ಅವ್ವ ಕೇಳಿಸಿಕೊಂಡಳು. ನನ್ನ ತಲೆ ಸವರಿದಳು. “ಚೆನ್ನಾಗಿ ಬರ್ದಿದೀಯ ಮಗಳೇ” ಎಂದಳು.

“ಇದು ನಾನು ಬರ್ದಿದ್ದಲ್ಲ ಅವ್ವ, ಅವನ ಕೈ ಇದು, ನೋಡು.”

“ಹೋದ ಸಲಾನೂ ಹೀಗೇ ಓದಿದ್ಯಲ್ಲ, ಅವನಿಗೆ ಕೆಮ್ಮು ವಾಸಿ ಅಂತ. ಆಗ ಅವನು ಸತ್ತು ನಾಕು ತಿಂಗಳಾಗಿತ್ತು. ನಂಗೋಸ್ಕರ ಸುಳ್ಳು ಹೇಳ್ತೀಯಾ ಅಂತ ನಂಗೊತ್ತು. ನೀನು ಒಳ್ಳೆಯವಳು.”

ಆಣೆ ಮಾಡಿದೆ. ಪುಟ್ಟಿಯ ಮೇಲೆ ಆಣೆ ಮಾಡಿದೆ ಖಾಯ್, ಆ ಹೆಸರು ನನ್ನ ಬಾಯಲ್ಲಿ ಬಂದು ಎರಡು ವರ್ಷವಾಗುತ್ತ ಬಂದಿತ್ತು. ಬಲಗಿವಿಯ ಗಾಯದ ಕಲೆಯಿಂದ ಹಿಡಿದು ಲಾರಿಯ ಮೇಲಿನ ಕೂಗಿನವರೆಗೂ ಎಲ್ಲ ಹೇಳಿದೆ. ಲಾರಿಯ ಮಾತು ಬಂದಾಗ ಮಾತ್ರ ಅವ್ವನಿಗೆ ಸಿಟ್ಟು ಬಂತು. “ನನ್ನ ಮಗ ಅಂಥ ಕೆಲ್ಸ ಮಾಡೋನಲ್ಲ. ಅವನ ಹೆಸರು ಗೋಡೆ ಮೇಲಿದೆ. ಸಾಯೋವಾಗ ನಂಗೆ ಇಂಥದ್ದು ಕೇಳಿಸ್ಬೇಡ.” ಗೋಡೆಯ ಕಡೆಗೆ ತಿರುಗಿ ಮಲಗಿದಳು.

ಹಬ್ಬಕ್ಕೆ ನಾಲ್ಕು ದಿನ ಮುಂಚೆ ಹೋದಳು. ಕೊನೆಯ ಬೆಳಿಗ್ಗೆ ಮುಖದಲ್ಲಿ ಕಳೆ ಇತ್ತು. ಒಗೆದ ರವಿಕೆ ಕೇಳಿ ಹಾಕಿಸಿಕೊಂಡಳು, ಕೂದಲು ಬಾಚಿಸಿಕೊಂಡಳು. “ಅಲ್ಲಿ ಅವನಿಗೆ ಬೇಯಿಸಿ ಹಾಕೋರು ಯಾರೂ ಇಲ್ಲ. ನಿಮ್ಮಪ್ಪನಿಗೆ ಒಲೆ ಹಚ್ಚೋಕೂ ಬರಲ್ಲ. ನಾನು ಹೋಗ್ತೀನಿ” ಎಂದಳು. ಸಂತೆಗೆ ಹೊರಟವಳ ಹಾಗೆ ಅವಸರವಿತ್ತು ಅವಳಿಗೆ.

ಅಪ್ಪನ ಶವವಾದರೆ ಮಗ ಹಿಂದೆ ನಡೆಯಬೇಕು, ಅವ್ವನದಾದರೆ ಮುಂದೆ, ಬೆನ್ನು ಬಗ್ಗಿಸಿ, ಹಾಲುವಾಣದ ಕೋಲು ಊರಿಕೊಂಡು, ಶವದ ಕಡೆಗೆ ಮುಖಮಾಡಿ ಹಿಮ್ಮುಖವಾಗಿ. ಮಗ ದೂರದೇಶದಲ್ಲಿದ್ದರೆ ಅವನ ಕೋಲನ್ನೂ ಹುಲ್ಲಿನ ಟೋಪಿಯನ್ನೂ ಪೆಟ್ಟಿಗೆಗೆ ತೂಗುಹಾಕುತ್ತಾರೆ, ಇದ್ದಾನೆ, ಬರುತ್ತಾನೆ ಎಂದು. ನಾನು ಒಂದು ಕೋಲು ಕಡಿದು ತಂದಿದ್ದೆ, ತೊಗಟೆ ಕೂಡ ಕೆತ್ತಿದ್ದೆ. ಅದನ್ನು ತೂಗುಹಾಕಿದರೆ ನೀನು ಬದುಕಿದ್ದೀಯೆಂದು ಊರಿಗೆಲ್ಲ ಸಾರಿದ ಹಾಗೆ. ಅದನ್ನು ಹಿಡಿದುಕೊಂಡು ಅಂಗಳದಲ್ಲಿ ನಿಂತಿದ್ದೆ. ವೀನ್ ಬಂದು ನನ್ನ ಕೈಯಿಂದ ಅದನ್ನು ತೆಗೆದುಕೊಂಡ. “ಕೊಡು ಅಕ್ಕ. ಹುತಾತ್ಮನ ತಾಯಿ ಮಗನಿಲ್ಲದೆ ಹೋಗ್ಬಾರ್ದು. ಅವನ ಜಾಗದಲ್ಲಿ ನಾನು ನಡೀತೀನಿ” ಎಂದ. ಪಿಸ್ತೂಲು ಬಿಚ್ಚಿ ಜಗಲಿಯ ಮೇಲಿಟ್ಟು, ಟೋಪಿ ಹಾಕಿಕೊಂಡು, ಗದ್ದೆಯ ಬದುವಿನುದ್ದಕ್ಕೂ ಹಿಮ್ಮುಖವಾಗಿ ನಡೆದ. ಎರಡು ಸಲ ಮುಗ್ಗರಿಸಿದ. ಅವ್ವಾ ಅವ್ವಾ ಎಂದು ಅತ್ತದ್ದು ನಾಟಕವಲ್ಲ. ನೀನು ಸಿಕ್ಕರೆ ನಿನ್ನನ್ನು ನದಿಗೆ ಬಿಡುವವನೂ ಅವನೇ.

ಎಲ್ಲರೂ ಹೋದ ಮೇಲೆ ನಾನು ಗೋರಿಯ ಹತ್ತಿರ ಕೂತೆ. ನನ್ನ ತಲೆಯಲ್ಲಿ ಇರುವುದು ಒಂದೇ. ಅವ್ವ ಅಲ್ಲಿಗೆ ಹೋಗಿ ತಲುಪಿರುತ್ತಾಳೆ. ಅಪ್ಪ ಸಿಕ್ಕಿರುತ್ತಾರೆ, ಪುಟ್ಟಿ ಓಡಿ ಬಂದಿರುತ್ತಾಳೆ. “ಖಾಯ್ ಎಲ್ಲಿ?” ಎಂದು ಅವ್ವ ಕೇಳಿರುತ್ತಾಳೆ. ಇಲ್ಲಿಗೆ ಬಂದೇ ಇಲ್ಲವಲ್ಲ ಎಂದಿರುತ್ತಾರೆ ಅಪ್ಪ. ಇಲ್ಲಿ ಸಂತೆಯಲ್ಲಿ ಹುಡುಕಿದ ಹಾಗೆ ಅಲ್ಲಿಯೂ ಸತ್ತವರನ್ನೆಲ್ಲ ಹಿಡಿದು ನಿಲ್ಲಿಸಿ ಕೇಳುತ್ತಿರುತ್ತಾಳೆ.

ದಿನಾ ಊದುಬತ್ತಿ ಹಚ್ಚುತ್ತೇನೆ, ಬಾಯಿ ಬರುವುದಿಲ್ಲ. ನೀನು ಬದುಕಿರಲಿ ಎಂದು ಬೇಡಿಕೊಂಡರೆ ಅವ್ವನಿಗೆ ಅಲ್ಲಿ ಮಗ ಸಿಗುವುದಿಲ್ಲ. ನೀನು ಸತ್ತಿರಲಿ ಎಂದು ಬೇಡಿಕೊಳ್ಳಲು ನಾನು ನಿನ್ನ ಅಕ್ಕ. ಏನೆಂದು ಬೇಡಿಕೊಳ್ಳಲಿ, ಒಂದು ಸಾಲು ಬರೆ.

ಥೋವಾ